ಗುದ್ದಿದ ಕಾರಿಗೆ ಯಾವ ರಿಪೇರಿ, ಯಾವ ತುಕ್ಕು ರಕ್ಷಣೆ? ಕರಾವಳಿಯ ಪೋಲೋ ಜಿಟಿ ಕಲಿಸಿದ್ದು

ನನ್ನದು 2017ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್, ತಾನೇ ಗೇರು ಬದಲಿಸುವ ಏಳು ಗೇರಿನ ಡಿಎಸ್‌ಜಿ. ಸಣ್ಣ ಕಾರು, ಆದರೆ ಕಾಲಿಟ್ಟರೆ ಓಡುತ್ತದೆ. 2023ರ ಜೂನಿನಲ್ಲಿ ಶಿರಾಡಿ ಘಾಟಿ ಇಳಿದು ಗುಂಡ್ಯದ ಹತ್ತಿರ ಬರುವಾಗ, ಎದುರಿಗೆ ಬಂದ ಲಾರಿಯನ್ನು ತಪ್ಪಿಸಲು ಹೋಗಿ ಕಾರು ಜಾರಿತು. ಎಡಗಡೆ ಮೂತಿ ತಡೆಬೇಲಿಗೆ ಹೊಡೆಯಿತು. ನನಗೆ ಏನೂ ಆಗಲಿಲ್ಲ. ಬಂಪರ್, ಬೋನೆಟ್, ಫೆಂಡರ್, ರೇಡಿಯೇಟರ್, ಇಂಟರ್‌ಕೂಲರ್ ಹೋದವು. ಎಡಗಡೆ ಏಪ್ರನ್ (ಚಕ್ರದ ಮೇಲಿನ ಒಳತಗಡು) ಒಳಕ್ಕೆ ಬಂದು ಮುಂದಿನ ಚಾಸಿ ಲೆಗ್ (ಎಂಜಿನ್ ಪಕ್ಕದಲ್ಲಿ ಮುಂದಕ್ಕೆ ಚಾಚಿದ ಉಕ್ಕಿನ ತೊಲೆ) ಬಾಗಿತ್ತು.

ಒಂದೂವರೆ ತಿಂಗಳ ನಂತರ ಕಂಪನಿ ವರ್ಕ್‌ಶಾಪಿನಿಂದ ಕಾರು ಬಂತು. ಪೇಂಟ್ ಎಷ್ಟು ಚೆನ್ನಾಗಿತ್ತೆಂದರೆ ಹಳೆ ಬಾಗಿಲು ಯಾವುದು, ಹೊಸ ಫೆಂಡರ್ ಯಾವುದು ಗೊತ್ತಾಗುತ್ತಿರಲಿಲ್ಲ. ಮುಂದಿನ ವರ್ಷದ ಆಗಸ್ಟ್‌ನಲ್ಲಿ ಬೋನೆಟ್ ಎತ್ತಿ ವೈಪರ್ ಟ್ಯಾಂಕಿಗೆ ನೀರು ಹಾಕುತ್ತಿದ್ದೆ. ಎಡಗಡೆ ಸ್ಟ್ರಟ್ ಟವರ್ (ಸಸ್ಪೆನ್ಷನ್ನಿನ ಮೇಲ್ತುದಿ ಕೂರುವ ಭಾಗ) ಕೆಳಗೆ, ಏಪ್ರನ್ನೂ ಚಾಸಿ ಲೆಗ್ಗೂ ಕೂಡುವ ಕಡೆ, ಚಹಾ ಸೋರಿದ ಹಾಗೆ ಒಂದು ಕಂದು ಗೆರೆ ಇಳಿದಿತ್ತು. ಬಟ್ಟೆಯಲ್ಲಿ ಒರೆಸಿದೆ, ಹೋಯಿತು. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಅಲ್ಲೇ ಇತ್ತು.

ಪರಿಚಯದ ಟಿಂಕರಿಂಗ್ ಮೇಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ಸ್ಕ್ರೂ ಡ್ರೈವರ್ ತುದಿಯಿಂದ ಸಂದು ಮುಚ್ಚಲು ಹಚ್ಚಿದ್ದ ಸೀಲರ್ ಅಂಚನ್ನು ಮೆಲ್ಲಗೆ ಎತ್ತಿದರು. ಕೆಳಗಿನಿಂದ ಕೆಂಪು ಪುಡಿ ಉದುರಿತು. "ಒರೆಸಿ ಪ್ರಯೋಜನ ಇಲ್ಲ ಮಾರಾಯ್ರೆ. ಇದು ಹೊರಗಿನ ತುಕ್ಕಲ್ಲ, ಪೆಟ್ಟಿಗೆಯ ಒಳಗಿಂದ ಬಂದದ್ದು" ಎಂದರು. ಪೆಟ್ಟಿಗೆ ಅಂದರೆ ತಗಡುಗಳನ್ನು ಕೂಡಿಸಿ ಮಾಡಿದ, ಚಾಸಿ ಲೆಗ್ಗಿನಂಥ ಟೊಳ್ಳು ಭಾಗ.

ಅಲ್ಲಿಂದ ಮುಂದೆ ನಾನು ಓದಿದ್ದು, ಕೇಳಿದ್ದು, ಎರಡನೇ ಸಲ ರಿಪೇರಿ ಮಾಡಿಸುವಾಗ ಪಕ್ಕದಲ್ಲೇ ನಿಂತು ನೋಡಿದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಯಾವ ಗ್ಯಾರೇಜು, ಯಾವ ವಿಧಾನ, ಯಾವ ಲೇಪ ಎಂಬ ಪ್ರಶ್ನೆ ಬಂದಾಗಲೆಲ್ಲ ನಾನು ಈಗ ಒಂದೇ ವಿಷಯ ನೋಡುತ್ತೇನೆ: ವೆಲ್ಡಿಂಗ್ ಆದ ಮೇಲೆ ಪೆಟ್ಟಿಗೆಯ ಒಳಗಡೆಗೆ ಏನು ಮಾಡುತ್ತಾರೆ?

ರಿಪೇರಿಯೋ, ಬಿಟ್ಟುಬಿಡೋದೋ?

ಇದನ್ನು ಬೇಗ ಹೇಳಿಬಿಡುತ್ತೇನೆ. ರಿಪೇರಿ ಖರ್ಚು ಪಾಲಿಸಿಯಲ್ಲಿರುವ ಐಡಿವಿಯ (ವಿಮೆಯಲ್ಲಿ ಕಾರಿಗೆ ಕಟ್ಟಿದ ಬೆಲೆ) 75 ಪರ್ಸೆಂಟ್ ದಾಟಿದರೆ ವಿಮಾ ಕಂಪನಿ ಅದನ್ನು ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸಿ ಪ್ರಯೋಜನ ಇಲ್ಲದ್ದು, ಎಂದು ತೆಗೆದುಕೊಳ್ಳುತ್ತದೆ. ಐಡಿವಿ 5 ಲಕ್ಷ ಇದ್ದರೆ ಗಡಿ 3.75 ಲಕ್ಷ. ಮೊದಲ ಎಸ್ಟಿಮೇಟ್ ಯಾವಾಗಲೂ ಕಡಿಮೆ ಇರುತ್ತದೆ, ಯಾಕೆಂದರೆ ಬಂಪರ್ ಬಿಚ್ಚದೆ ಒಳಗಿನ ಏಟು ಕಾಣುವುದಿಲ್ಲ. ಹಾಗಾಗಿ ಮುಂಭಾಗ ಪೂರ್ತಿ ಬಿಚ್ಚಿಸಿ, ವಿಮೆಯ ಸರ್ವೇಯರ್ ಎದುರಿಗೆ ಎರಡನೇ ಎಸ್ಟಿಮೇಟ್ ಮಾಡಿಸಿಕೊಳ್ಳಿ. ಆಮೇಲೆ ತೀರ್ಮಾನ ಮಾಡಿ.

ಝೀರೋ ಡೆಪ್ (ಸವಕಳಿ ಕಡಿತ ಮಾಡದ ಹೆಚ್ಚುವರಿ ವಿಮೆ) ಇಲ್ಲದಿದ್ದರೆ ಕೈಯಿಂದ ಎಷ್ಟು ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್‌ಗಳಿಗೆ 50 ಪರ್ಸೆಂಟ್ ಕಡಿತ. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ: 5ರಿಂದ 10 ವರ್ಷದ ಕಾರಿಗೆ 40, ಹತ್ತು ದಾಟಿದರೆ 50. ಅಂದರೆ ನನ್ನಂಥ ಆರು ವರ್ಷದ ಕಾರಿಗೆ 40,000 ರೂಪಾಯಿಯ ಲೋಹದ ಪಾರ್ಟ್ ಹಾಕಿದರೆ 16,000 ನಮ್ಮದೇ. ಇನ್ನೊಂದು ಮಾತು. ಇಂಥ ಕಾರುಗಳಿಗೆ ಇಸಿಯು ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು) ಮಾಡಿಸುವವರು ಬಹಳ. ಅದನ್ನು ಪಾಲಿಸಿಯಲ್ಲಿ ತಿಳಿಸಿರದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು.

ಎಲ್ಲಿ ಮಾಡಿಸೋದು?

ಕಂಪನಿ ವರ್ಕ್‌ಶಾಪ್, ಮಲ್ಟಿ-ಬ್ರ್ಯಾಂಡ್ ಗ್ಯಾರೇಜು, ಬಾಡಿ ಕೆಲಸ ಮಾತ್ರ ಮಾಡುವ ಸಣ್ಣ ಶಾಪ್. ಇರುವುದು ಈ ಮೂರು.

ಕಂಪನಿ ವರ್ಕ್‌ಶಾಪಿನಲ್ಲಿ ಕ್ಯಾಶ್‌ಲೆಸ್ ಸೌಲಭ್ಯ ಇದೆ, ಒರಿಜಿನಲ್ ಪಾರ್ಟ್ಸ್ ಸಿಗುತ್ತವೆ, ಏರ್‌ಬ್ಯಾಗ್ ಮಾಡ್ಯೂಲ್, ಸೆನ್ಸರ್, ಸ್ಟೀರಿಂಗ್ ಆ್ಯಂಗಲ್ ಕೋಡಿಂಗ್‌ಗೆ ಸರಿಯಾದ ಸ್ಕ್ಯಾನರ್ ಇದೆ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಬೇರೆ ಯೋಚನೆಯೇ ಬೇಡ, ಅಲ್ಲಿಗೇ ಹೋಗಿ. ಸೀಟ್ ಬೆಲ್ಟಿನ ಪ್ರಿಟೆನ್ಷನರ್ (ಗುದ್ದಿದಾಗ ಬೆಲ್ಟನ್ನು ಥಟ್ಟನೆ ಬಿಗಿಯುವ ಸಾಧನ) ಕೂಡ ಒಮ್ಮೆ ಸಿಡಿದರೆ ಮುಗಿಯಿತು, ಅದನ್ನೂ ಬದಲಿಸಲೇಬೇಕು. ಪೇಂಟನ್ನು ಶಾಖದಲ್ಲಿ ಒಣಗಿಸುವ ಬೇಕಿಂಗ್ ಬೂತ್ ಇರುವುದರಿಂದ ಪೇಂಟೂ ಚೆನ್ನಾಗಿ ಬರುತ್ತದೆ. ಕೊರತೆ ಎಲ್ಲಿ ಅಂದರೆ, ಸಾಲಾಗಿ ಕಾರು ನಿಂತಿರುತ್ತವೆ. ಪೇಂಟ್ ಒಣಗಿದ ದಿನವೇ ಜೋಡಿಸಿ, ತೊಳೆದು, ಡೆಲಿವರಿ. ತುಕ್ಕು ಹಿಡಿಯದಂತೆ ಪೆಟ್ಟಿಗೆಗಳ ಒಳಗಡೆ ಮೇಣ (ಕ್ಯಾವಿಟಿ ವ್ಯಾಕ್ಸ್) ಹೊಡೆಯುವ ಕೆಲಸ ಪೇಂಟ್ ಆದ ಮೇಲೆ ಬರುವಂಥದ್ದು. ಅವಸರದಲ್ಲಿ ಬಿಟ್ಟುಹೋಗುವುದು ಅದೇ. ನನ್ನ ಕಾರಿಗೂ ಹಾಗೇ ಆಯಿತು. ಬಿಲ್ಲಿನ ಮೂರೂ ಪುಟ ಮತ್ತೆ ತೆಗೆದು ನೋಡಿದೆ. ಕ್ಯಾವಿಟಿ ವ್ಯಾಕ್ಸ್ ಎಂಬ ಸಾಲೇ ಇರಲಿಲ್ಲ.

ಮಲ್ಟಿ-ಬ್ರ್ಯಾಂಡ್ ಗ್ಯಾರೇಜು ಬಂಪರ್, ಫೆಂಡರ್, ಬಾಗಿಲಿನ ಡೆಂಟ್‌ಗೆ ಸಾಕು. ಚಾಸಿ ಮುಟ್ಟಿದ ಏಟಿಗೆ ನಾನು ಅಲ್ಲಿಗೆ ಹೋಗಲಾರೆ.

ಬಾಡಿ ಶಾಪ್‌ಗಳಲ್ಲಿ ವ್ಯತ್ಯಾಸ ಅಜಗಜಾಂತರ. ಕೆಲವರ ಹತ್ತಿರ ಅಳತೆ ಬೆಂಚ್ ಇರುತ್ತದೆ. ಸ್ವೀಡನ್ನಿನ ಕಾರ್-ಒ-ಲೈನರ್, ಫ್ರಾನ್ಸಿನ ಸೆಲೆಟ್ ಇವು ಈ ಕೆಲಸದಲ್ಲಿ ದೊಡ್ಡ ಹೆಸರು. ಕಾರನ್ನು ಬೆಂಚಿಗೆ ಬಿಗಿದು, ಕಂಪನಿ ಕೊಟ್ಟ ಅಳತೆಯ ಜೊತೆ ಒಂದೊಂದು ಬಿಂದುವನ್ನೂ ಹೋಲಿಸಿ ಎಳೆಯುತ್ತಾರೆ. ಮಿಲಿಮೀಟರ್ ಲೆಕ್ಕದ ಕೆಲಸ ಇದು. ಇನ್ನು ಕೆಲವರು ಕಂಬಕ್ಕೆ ಸರಪಳಿ ಕಟ್ಟಿ, ಕಣ್ಣಂದಾಜಿನಲ್ಲಿ ಎಳೆಯುತ್ತಾರೆ. ನೂರರ ವೇಗದಲ್ಲಿ ನೇರ ಹೋಗಬೇಕಾದ ಕಾರಿಗೆ ಕಣ್ಣಂದಾಜು ಸಾಲದು. ಸ್ಟ್ರಟ್ ಟವರ್ ಸ್ವಲ್ಪ ಆಚೀಚೆ ಇದ್ದರೂ ಚಕ್ರವೂ ಸ್ಟೀರಿಂಗ್ ಅಕ್ಷವೂ ವಾಲುವ ಕೋನಗಳು (ಕ್ಯಾಂಬರ್, ಕ್ಯಾಸ್ಟರ್) ಎಡಬಲ ಒಂದೇ ಆಗುವುದಿಲ್ಲ. ಆಮೇಲೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಕಾರು ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ.

ನನ್ನ ಆಯ್ಕೆ ಹೇಳಬೇಕೆಂದರೆ, ವಿಮೆ ಇದ್ದರೆ ಬೆಂಚ್ ಇರುವ ಕಂಪನಿ ವರ್ಕ್‌ಶಾಪ್. ಆದರೆ ಎಸ್ಟಿಮೇಟಿನಲ್ಲೇ ಎಪಾಕ್ಸಿ ಪ್ರೈಮರ್ (ತಗಡಿಗೆ ಬೀಳುವ ಮೊದಲ ರಕ್ಷಣೆಯ ಲೇಪ), ಸೀಮ್ ಸೀಲರ್ (ಸಂದು ಮುಚ್ಚುವ ಅಂಟು), ಕ್ಯಾವಿಟಿ ವ್ಯಾಕ್ಸ್ ಮೂರನ್ನೂ ಬೇರೆ ಬೇರೆ ಸಾಲಾಗಿ ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಇಲ್ಲದ ಕೆಲಸವನ್ನು ಯಾರೂ ಮಾಡುವುದಿಲ್ಲ. ಪೇಂಟ್ ಬೀಳುವ ಮೊದಲು ಒಂದು ಸಲ ಹೋಗಿ, ವೆಲ್ಡಿಂಗ್ ಆದ ಜಾಗದ ಫೋಟೋ ತೆಗೆಯಿರಿ. ಕೈ ಖರ್ಚಿನಲ್ಲಿ ಮಾಡಿಸುವುದಾದರೆ ಬೆಂಚ್ ಇರುವ ಬಾಡಿ ಶಾಪ್ ವಾಸಿ. ಅಲ್ಲಿ ಮೇಸ್ತ್ರಿಯ ಜೊತೆ ನೇರವಾಗಿ ಮಾತಾಡಬಹುದು.

ಎಳೆಯೋದಾ, ಕತ್ತರಿಸಿ ಹಾಕೋದಾ?

ಈ ಕೆಲಸದವರಲ್ಲಿ ಒಂದು ಲೆಕ್ಕ ಇದೆ: ಬಾಗಿದ್ದರೆ ನೆಟ್ಟಗೆ ಮಾಡು, ಮಡಚಿದ್ದರೆ ಬದಲಿಸು. ಕಾಗದವನ್ನು ಬಳುಕಿಸಿ ಬಿಟ್ಟರೆ ಮತ್ತೆ ನೇರ ಆಗುತ್ತದೆ. ಗೀರು ಬೀಳುವಂತೆ ಮಡಚಿದರೆ ಗೀರು ಹಾಗೇ ಉಳಿಯುತ್ತದೆ, ಅಲ್ವಾ? ಉಕ್ಕಿನ ತಗಡೂ ಅಷ್ಟೇ.

ಎಳೆದು ಸರಿಮಾಡುವುದರ ದೊಡ್ಡ ಲಾಭ ಏನೆಂದರೆ, ಫ್ಯಾಕ್ಟರಿಯ ಸ್ಪಾಟ್ ವೆಲ್ಡ್‌ಗಳೂ ಒಳಗಿನ ಲೇಪವೂ ಬಹುಪಾಲು ಉಳಿಯುತ್ತವೆ. ತುಕ್ಕಿನ ದೃಷ್ಟಿಯಿಂದ ಇದೇ ಒಳ್ಳೆಯದು. ಆದರೂ ತಗಡು ಬಾಗಿ ನೆಟ್ಟಗಾದ ಕಡೆ ಲೇಪ ಬಿರುಕು ಬಿಟ್ಟಿರುತ್ತದೆ, ಕಣ್ಣಿಗೆ ಕಾಣದಿದ್ದರೂ. ಅಲ್ಲೂ ಮೇಣ ಬೇಕೇ ಬೇಕು.

ಗ್ಯಾಸ್ ಕಟ್ಟರ್‌ನಲ್ಲಿ ಕೆಂಪಗೆ ಕಾಯಿಸಿ ಬಡಿಯುತ್ತೇವೆ ಎಂದರೆ ಅಲ್ಲಿಂದ ಕಾರು ತೆಗೆದುಕೊಂಡು ಹೊರಡಿ. ಈಗಿನ ಕಾರುಗಳಲ್ಲಿ ಹೈ-ಸ್ಟ್ರೆಂತ್ ಸ್ಟೀಲ್ ಜಾಸ್ತಿ. ಸಾದಾ ತಗಡನ್ನು ಕಾಯಿಸಬಹುದು, ಇದನ್ನು ಕಾಯಿಸಿದರೆ ಬಲವೇ ಹೋಗುತ್ತದೆ. ಬಿ-ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬ) ಒಳಗೆ ಹಾಕುವ ಬೋರಾನ್ ಸ್ಟೀಲ್ ಅಂತೂ ಬಲದಲ್ಲಿ 1,500 ಮೆಗಾಪಾಸ್ಕಲ್ ಮಟ್ಟದ್ದು. ಅದನ್ನು ಎಳೆಯುವುದೂ ಇಲ್ಲ, ಕಾಯಿಸುವುದೂ ಇಲ್ಲ, ಬದಲಿಸುವುದೊಂದೇ ದಾರಿ.

ಮುಂದಿನ ಚಾಸಿ ಲೆಗ್ ಮಡಚಿದ್ದರೆ ಎರಡು ದಾರಿ. ತುದಿಯ ತುಂಡು ಮಾತ್ರ ಕತ್ತರಿಸಿ ಹೊಸದು ಬೆಸೆಯುವುದು, ಇಲ್ಲವೇ ಬೇರಿನಿಂದ ಪೂರ್ತಿ ಬದಲಿಸುವುದು. ಎಲ್ಲಿ ಕತ್ತರಿಸಬೇಕೆಂದು ಕಂಪನಿಯ ರಿಪೇರಿ ಪುಸ್ತಕದಲ್ಲಿ ಗುರುತು ಇರುತ್ತದೆ. ಆ ಜಾಗದಲ್ಲಿ ಕತ್ತರಿಸಿದರೆ ಸರಿ. ಎಲ್ಲೆಂದರಲ್ಲಿ ಕತ್ತರಿಸಿ, ಮೇಲಿಂದ ಪಟ್ಟಿ ಇಟ್ಟು ಬಲ ಮಾಡಿದ್ದೇವೆ ಎನ್ನುವುದು ಅಪಾಯ. ಆ ಲೆಗ್ ಅಪಘಾತದಲ್ಲಿ ಕ್ರಮವಾಗಿ ಮುದುಡಬೇಕು, ಅದಕ್ಕೇ ಅದರ ಮೇಲೆ ಗೆರೆಗೆರೆ ಉಬ್ಬು ತಗ್ಗು ಇರುತ್ತದೆ. ಪಟ್ಟಿ ಇಟ್ಟರೆ ಅಲ್ಲಿ ಮುದುಡದೆ ಏಟು ಸೀದಾ ಕ್ಯಾಬಿನ್ನಿಗೆ ಬರುತ್ತದೆ.

ಪಾರ್ಟ್ಸ್ ಬಗ್ಗೆ ಒಂದು ಮಾತು. ಪೋಲೋ ತಯಾರಿಕೆ ಭಾರತದಲ್ಲಿ 2022ರಲ್ಲಿ ನಿಂತಿತು. ಹೊಸ ಪಾರ್ಟ್ಸ್‌ಗೆ ಕಾಯಬೇಕಾಗಿ ಬಂದಾಗ ಜನ ಬೆಂಗಳೂರಿನ ಶಿವಾಜಿನಗರದ ಗುಜರಿ ಕಡೆ ನೋಡುತ್ತಾರೆ. ಬಾಗಿಲು, ಬೋನೆಟ್, ಡಿಕ್ಕಿಗೆ ಗುಜರಿಯ ಒರಿಜಿನಲ್ ಪಾರ್ಟು ಅಗ್ಗದ ನಕಲಿ ಹೊಸ ಪಾರ್ಟಿಗಿಂತ ಎಷ್ಟೋ ಮೇಲು. ಫ್ಯಾಕ್ಟರಿಯ ಸತುವಿನ ಲೇಪ, ಒಳಗಿನ ಪ್ರೈಮರ್ ಎಲ್ಲ ಇರುತ್ತದೆ, ಸಂದೂ ಸರಿಯಾಗಿ ಕೂರುತ್ತದೆ. ನಕಲಿ ಫೆಂಡರಿಗೆ ಬರೀ ಕಪ್ಪು ಬಣ್ಣ ಹೊಡೆದಿರುತ್ತಾರೆ. ಆದರೆ ಏರ್‌ಬ್ಯಾಗ್, ಸೀಟ್ ಬೆಲ್ಟ್, ಸಸ್ಪೆನ್ಷನ್ ಆರ್ಮ್ ಗುಜರಿಯಿಂದ ಬೇಡವೇ ಬೇಡ.

ಬೆಸುಗೆಯ ಹಿಂದೆ ಏನಾಗುತ್ತದೆ

ಇದು ಸ್ವಲ್ಪ ಉದ್ದ, ಆದರೆ ಓದಿ. ಫ್ಯಾಕ್ಟರಿಯಲ್ಲಿ ಕಾರಿನ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹರಿಸುತ್ತಾರೆ. ಪೆಟ್ಟಿಗೆಗಳ ಒಳಗೋಡೆಗೂ ಸುಮಾರು 20 ಮೈಕ್ರಾನ್ ದಪ್ಪದ ಲೇಪ ಕೂರುತ್ತದೆ. ಅದರ ಕೆಳಗೆ ಸತುವಿನ ಪದರ. ಗ್ಯಾರೇಜಿನಲ್ಲಿ ಈ ತೊಟ್ಟಿ ಇಲ್ಲ. ಒಳಗೋಡೆಗೆ ಕೈ ಹೋಗುವುದಿಲ್ಲ.

ಉಕ್ಕು ಕರಗುವುದು ಸುಮಾರು 1,500 ಡಿಗ್ರಿಯಲ್ಲಿ. ಸತು 907 ಡಿಗ್ರಿಯಲ್ಲೇ ಕುದಿದು ಹಾರಿಹೋಗುತ್ತದೆ. ಹಾಗಾಗಿ ಮಿಗ್ ವೆಲ್ಡಿಂಗ್ (ಕರೆಂಟಿನಲ್ಲಿ ತಂತಿ ಕರಗಿಸಿ ಬೆಸೆಯುವುದು) ಮಾಡಿದಾಗ ಬೆಸುಗೆಯ ಎರಡೂ ಬದಿಯಲ್ಲಿ ಒಂದೊಂದು ಪಟ್ಟಿಯಷ್ಟು ಸತುವೂ ಪ್ರೈಮರೂ ಸುಟ್ಟುಹೋಗುತ್ತವೆ. ಹೊರಗಡೆ ಬಿಳಿ ಪುಡಿ ಕಾಣುತ್ತದೆ, ಅದನ್ನು ತಿಕ್ಕಿ ಪೇಂಟ್ ಮಾಡುತ್ತಾರೆ. ಒಳಗಡೆ ಅದೇ ಪಟ್ಟಿ ಬರೀ ಉಕ್ಕಾಗಿ ಉಳಿಯುತ್ತದೆ. ನಮ್ಮ ಮೇಸ್ತ್ರಿ ಕತ್ತರಿಸಿ ತೆಗೆದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಹೊರಮೈ ಫಳಫಳ. ತಿರುಗಿಸಿದರೆ ಬೆಸುಗೆಯ ಗೆರೆಯ ಉದ್ದಕ್ಕೂ, ಹೆಬ್ಬೆರಳಿನ ಅಗಲಕ್ಕೆ, ಕೆಂಪು ಹಕ್ಕಳೆ. ಆ ಪಟ್ಟಿ ಬಿಟ್ಟು ಆಚೆಗೆ ಬೂದು ಬಣ್ಣದ ಫ್ಯಾಕ್ಟರಿ ಲೇಪ ಹೊಸದರ ಹಾಗೆ ಇತ್ತು. ಸುಮಾರು ಹದಿನೈದು ತಿಂಗಳಲ್ಲಿ ಅಷ್ಟು ಆಗಿತ್ತು.

ಈಗ ವೆಲ್ಡಿಂಗ್ ವಿಧಾನಗಳನ್ನು ಹೋಲಿಸೋಣ. ಸ್ಪಾಟ್ ವೆಲ್ಡಿಂಗ್ ಗನ್ ಎರಡೂ ಕಡೆಯಿಂದ ಹಿಚುಕಿ ಒಂದು ಚುಕ್ಕಿಯಷ್ಟೇ ಕಾಯಿಸುತ್ತದೆ, ಫ್ಯಾಕ್ಟರಿ ಬೆಸುಗೆಗೆ ಇದೇ ಹತ್ತಿರ. ಗನ್ ಹೋಗುವ ಜಾಗದಲ್ಲೆಲ್ಲ ಇದನ್ನೇ ಕೇಳಿ. ಎರಡನೆಯದು ಮಿಗ್ ಬ್ರೇಜಿಂಗ್. ತಾಮ್ರ-ಸಿಲಿಕಾನ್ ತಂತಿ ಸುಮಾರು 1,000 ಡಿಗ್ರಿಯಲ್ಲಿ ಕರಗುವುದರಿಂದ ಸತು ಅಷ್ಟಾಗಿ ಸುಡುವುದಿಲ್ಲ. ಆದರೆ ಕಂಪನಿ ಹೇಳಿದ ಜಾಗದಲ್ಲಿ ಮಾತ್ರ ಸಲ್ಲುತ್ತದೆ. ಮೂರನೆಯದು ಎಲ್ಲೆಡೆ ಸಿಗುವ ಮಿಗ್ ಪ್ಲಗ್ ವೆಲ್ಡ್, ಅಂದರೆ ಮೇಲಿನ ತಗಡಿಗೆ ತೂತು ಕೊರೆದು ಅದನ್ನು ಬೆಸುಗೆಯಿಂದ ತುಂಬುವುದು. ಸರಿಯಾಗಿ ಮಾಡಿದರೆ ಬಲಕ್ಕೆ ತೊಂದರೆ ಇಲ್ಲ, ತುಕ್ಕಿಗೆ ಮಾತ್ರ ದಾರಿ ಜಾಸ್ತಿ. ಎರಡು ತಗಡು ಕೂಡುವ ಮುಖಗಳಿಗೆ ಮೊದಲೇ ಸತು ಇರುವ ವೆಲ್ಡ್-ಥ್ರೂ ಪ್ರೈಮರ್ ತೆಳ್ಳಗೆ ಹೊಡೆದು, ಬೆಸುಗೆ ಬೀಳುವ ಚುಕ್ಕಿಯಲ್ಲಷ್ಟೇ ಕೆರೆದು ತೆಗೆದರೆ ಸಾಕಷ್ಟು ಉಳಿಯುತ್ತದೆ. ಬ್ಯಾಟರಿ ಕಳಚಿದ್ದಾರಾ ಅಂತಲೂ ನೋಡಿಕೊಳ್ಳಿ.

ತಗ್ಗು ತುಂಬಿ ಸಮ ಮಾಡುವ ಪುಟ್ಟಿಯ ವಿಷಯವೂ ಇಲ್ಲೇ ಬರುತ್ತದೆ. ಪುಟ್ಟಿ ತೇವ ಹೀರುತ್ತದೆ. ಬರೀ ತಗಡಿನ ಮೇಲೆ ಹಚ್ಚುವುದಕ್ಕಿಂತ ಮೊದಲು ಎಪಾಕ್ಸಿ ಪ್ರೈಮರ್ ಹೊಡೆದು, ಅದರ ಮೇಲೆ ತೆಳ್ಳಗೆ ಪುಟ್ಟಿ ಹಾಕಿಸಿದರೆ ಬಾಳಿಕೆ ಜಾಸ್ತಿ. ಸೀಮ್ ಸೀಲರ್ ಕೂಡ ಎಪಾಕ್ಸಿಯ ಮೇಲೇ ಬರಬೇಕು.

ತುಕ್ಕು ತಡೆಯಲು ಯಾವ ಲೇಪ?

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದಕ್ಕಿಂತ ಕೆಟ್ಟದ್ದು ಉಪ್ಪುಗಾಳಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆ ಇಲ್ಲದ ಜನವರಿಯಲ್ಲೂ ತಗಡಿನ ಮೇಲೆ ತೇವ ಇದ್ದೇ ಇರುತ್ತದೆ. ಟೊರಾಂಟೊದಲ್ಲಿರುವ ನನ್ನ ಚಿಕ್ಕಪ್ಪನ ಮಗ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಕಾರಿನ ಅಡಿಗೆ ಎಣ್ಣೆ ಹೊಡೆಸುತ್ತಾನೆ. ಅಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಸುರಿಯುತ್ತಾರೆ. ನಮಗೆ ಸುರಿಯುವವರು ಬೇಡ, ಕಡಲೇ ಕೊಡುತ್ತದೆ.

ರಬ್ಬರ್ ಅಂಡರ್‌ಬಾಡಿ ಕೋಟಿಂಗ್: ಚಕ್ರದ ಕಮಾನಿಗೆ, ಅಡಿಯ ತಗಡಿಗೆ ಕಲ್ಲಿನ ಏಟು ತಡೆಯಲು ಒಳ್ಳೆಯದು. ಸದ್ದೂ ಕಡಿಮೆಯಾಗುತ್ತದೆ. ಆದರೆ ತಗಡು ಪೂರ್ತಿ ಸ್ವಚ್ಛವಾಗಿ, ಒಣಗಿ, ಪ್ರೈಮರ್ ಬಿದ್ದ ಮೇಲೆ ಮಾತ್ರ. ತುಕ್ಕಿನ ಮೇಲೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಮೇಲೆ ಕಪ್ಪಗೆ ಚೆಂದ, ಕೆಳಗೆ ತಗಡು ತಿಂದುಹೋಗುತ್ತದೆ. ಸರ್ವಿಸ್ ಹೊತ್ತಿಗೆ ನೀರು ಹೊಡೆದ ಅರ್ಧ ಗಂಟೆಯಲ್ಲೇ ಇದನ್ನು ಬಳಿಯಲು ಬಂದರೆ ಬೇಡ ಅನ್ನಿ.

ಡಾಂಬರಿನಂಥ ಕೋಟಿಂಗ್ ಅಗ್ಗ, ಆದರೆ ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಾನು ಹಾಕಿಸುವುದಿಲ್ಲ.

ಕ್ಯಾವಿಟಿ ವ್ಯಾಕ್ಸ್: ಗುದ್ದಿದ ಕಾರಿಗೆ ಇದೇ ಮುಖ್ಯ. ಉದ್ದನೆ ಕೊಳವೆಯ ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಜಲ್ ಇರುತ್ತದೆ. ಚಾಸಿ ಲೆಗ್, ರನ್ನಿಂಗ್ ಬೋರ್ಡಿನ ಪೆಟ್ಟಿಗೆ, ಬಾಗಿಲಿನ ಅಡಿ, ಎಲ್ಲದಕ್ಕೂ ಕಂಪನಿಯೇ ಬಿಟ್ಟ ತೂತುಗಳಿವೆ. ಕೊಳವೆಯನ್ನು ಕೊನೆಯವರೆಗೆ ತೂರಿಸಿ, ಹೊಡೆಯುತ್ತಾ ನಿಧಾನಕ್ಕೆ ಹಿಂದಕ್ಕೆ ಎಳೆಯಬೇಕು. ಮೇಣ ಸಂದಿಗಳಲ್ಲಿ ತಾನೇ ಹರಿದು ಸೇರಿಕೊಳ್ಳುತ್ತದೆ. ಪೇಂಟ್ ಬೇಕ್ ಆದ ಮೇಲೇ ಹೊಡೆಯಬೇಕು. ಮೊದಲೇ ಹೊಡೆದರೆ ಬೂತಿನ ಸುಮಾರು 60 ಡಿಗ್ರಿ ಶಾಖಕ್ಕೆ ಕರಗಿ ಹೊರಬಂದು ಪೇಂಟ್ ಕೆಡುತ್ತದೆ. ನೀರು ಇಳಿಯುವ ತೂತು ಮುಚ್ಚಬಾರದು. ಬಿ-ಪಿಲ್ಲರ್ ಒಳಗೆ ಸೀಟ್ ಬೆಲ್ಟ್ ಸುರುಳಿ ಇರುತ್ತದೆ, ಅದಕ್ಕೆ ಮೇಣ ಬಿದ್ದರೆ ಬೆಲ್ಟ್ ಅಂಟಿಕೊಳ್ಳುತ್ತದೆ. ಅಲ್ಲಿ ಮುಚ್ಚಿ ಹೊಡೆಯಲು ಹೇಳಿ.

ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು) ಅಥವಾ ಎಣ್ಣೆಯ ಸ್ಪ್ರೇ: ಒಣಗುವುದೇ ಇಲ್ಲ, ಸಣ್ಣ ಸಂದಿಗೂ ತೆವಳಿ ಹೋಗುತ್ತದೆ. ಆಗಲೇ ಸ್ವಲ್ಪ ತುಕ್ಕು ಹಿಡಿದ ಹಳೆ ಕಾರಿಗೆ ಮೇಣಕ್ಕಿಂತ ಇದು ಚೆನ್ನ. ಆದರೆ ತೆರೆದ ಜಾಗದಲ್ಲಿ ಮಳೆಗೆ ತೊಳೆದುಹೋಗುತ್ತದೆ, ವರ್ಷವರ್ಷ ಮಾಡಿಸಬೇಕು. ಬ್ರೇಕ್ ಡಿಸ್ಕ್, ರಬ್ಬರ್ ಬುಶ್, ಸೈಲೆನ್ಸರ್ ಮೇಲೆ ಬೀಳಬಾರದು.

ಸೆರಾಮಿಕ್, ಟೆಫ್ಲಾನ್ ಕೋಟಿಂಗ್ ಪೇಂಟಿನ ಹೊಳಪಿಗೆ. ಪೆಟ್ಟಿಗೆಯ ತುಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಬ್ಯಾಟರಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ತುಕ್ಕು ನಿವಾರಕವೂ ಸಿಗುತ್ತದೆ. ಕರೆಂಟ್ ಹರಿಸಿ ತುಕ್ಕು ತಡೆಯುವ ವಿಧಾನ ನೀರಲ್ಲಿ ಮುಳುಗಿದ ಹಡಗಿಗೆ, ನೆಲದೊಳಗಿನ ಪೈಪಿಗೆ ನಡೆಯುತ್ತದೆ. ಅಲ್ಲಿ ಸುತ್ತಲೂ ನೀರೋ ಒದ್ದೆ ಮಣ್ಣೋ ಕರೆಂಟ್ ಒಯ್ಯುತ್ತದೆ. ಗಾಳಿಯಲ್ಲಿ ಓಡುವ ಕಾರಿಗೆ ಅದಿಲ್ಲ. ದುಡ್ಡು ಸುಮ್ನೆ ಹಾಳು.

ಹುಬ್ಬಳ್ಳಿ, ಬೆಂಗಳೂರು, ಮೈಸೂರಿನ ಕಾರಾದರೆ ಬೆಸುಗೆ ಬಿದ್ದ ಪೆಟ್ಟಿಗೆಗೆ ಮಾತ್ರ ಮೇಣ, ಚಕ್ರದ ಕಮಾನಿಗೆ ರಬ್ಬರ್ ಕೋಟಿಂಗ್ ಸಾಕು. ಮಂಗಳೂರು, ಉಡುಪಿ, ಕಾರವಾರದಲ್ಲಿ ಇದ್ದರೆ ಇಡೀ ಕಾರಿನ ಪೆಟ್ಟಿಗೆಗಳಿಗೆ ಮೇಣ ಹೊಡೆಸಿ, ಎರಡು ವರ್ಷಕ್ಕೊಮ್ಮೆ ಮತ್ತೆ. ಮೇ ತಿಂಗಳಲ್ಲಿ ಮಾಡಿಸಿ. ಆಗ ತಗಡು ಚೆನ್ನಾಗಿ ಒಣಗಿರುತ್ತದೆ, ಬಿಸಿಲಿಗೆ ಮೇಣವೂ ಸಲೀಸಾಗಿ ಹರಿಯುತ್ತದೆ.

ನನ್ನ ಕಾರಿನ ಎಡಗಡೆ ಬೆಸುಗೆಯನ್ನು 2024ರ ನವೆಂಬರ್‌ನಲ್ಲಿ ಬಿಡಿಸಿ, ತುಕ್ಕು ತಿಂದ ತುಂಡು ಬದಲಿಸಿ, ಸ್ಪಾಟ್ ವೆಲ್ಡ್, ಎಪಾಕ್ಸಿ, ಸೀಲರ್, ಪೇಂಟ್, ಕೊನೆಗೆ ಮೇಣ ಎಂದು ಇದೇ ಸಾಲಿನಲ್ಲಿ ಮಾಡಿಸಿದೆ. 2025ರ ಮಳೆ ಬಿಟ್ಟ ಮೇಲೆ ಫೋನಿಗೆ ಸಿಕ್ಕಿಸುವ ತಂತಿ ಕ್ಯಾಮೆರಾವನ್ನು ಲೆಗ್ ಒಳಗೆ ಬಿಟ್ಟು ನೋಡಿದೆ. ಬೆಸುಗೆಯ ಗೆರೆಯ ಮೇಲೆ ಮೇಣ ಜೇನಿನ ಬಣ್ಣದಲ್ಲಿ ಮಿನುಗುತ್ತಿತ್ತು, ಎಲ್ಲೂ ಕೆಂಪಿಲ್ಲ. ಮುಂದಿನ ತೂತಿನ ರಬ್ಬರ್ ಮುಚ್ಚಳ ಮಾತ್ರ ಎಲ್ಲೋ ಬಿದ್ದುಹೋಗಿತ್ತು. ಅದರ ಸುತ್ತ ಒಂದು ಬೆರಳಷ್ಟು ಮೇಣವನ್ನು ನೀರು ತೊಳೆದಿತ್ತು. ಒಂದು ಸಣ್ಣ ಡಬ್ಬಿ ಸ್ಪ್ರೇ ತಂದು ಅಷ್ಟು ಜಾಗಕ್ಕೆ ಹೊಡೆದು, ಹೊಸ ಮುಚ್ಚಳ ಒತ್ತಿದೆ.